ಒಂದು ಕಾರಿನ ಇಸಿಯು ಇನ್ನೊಂದು ಕಾರಿನಲ್ಲಿ ಏಕೆ ಕೆಲಸ ಮಾಡುವುದಿಲ್ಲ?

ಗುಜರಿಗೆ ಹೋದ ಕಾರೊಂದರಿಂದ ಎಂಜಿನ್ ನಿಯಂತ್ರಣ ಘಟಕವನ್ನು, ಅಂದರೆ ಮೆಕ್ಯಾನಿಕ್‌ಗಳು ಇಸಿಯು ಎಂದು ಕರೆಯುವ ಪೆಟ್ಟಿಗೆಯನ್ನು, ಬಿಚ್ಚಿ ತಂದು ಅದೇ ಮಾದರಿಯ, ಅದೇ ವರ್ಷದ ಇನ್ನೊಂದು ಕಾರಿಗೆ ಜೋಡಿಸಿದರೆ ಏನಾಗುತ್ತದೆ? ಕನೆಕ್ಟರ್‌ಗಳು ಸರಿಯಾಗಿ ಕೂರುತ್ತವೆ, ಬಿಡಿಭಾಗದ ಸಂಖ್ಯೆಯೂ ಹೊಂದುತ್ತದೆ. ಕೀ ತಿರುಗಿಸಿದಾಗ ಸ್ಟಾರ್ಟರ್ ತಿರುಗಬಹುದು, ಕೆಲವು ಕಾರುಗಳಲ್ಲಿ ಎಂಜಿನ್ ಒಂದೆರಡು ಸೆಕೆಂಡು ಓಡಲೂಬಹುದು. ಆಮೇಲೆ ನಿಂತುಬಿಡುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಕೀಯ ಚಿತ್ರವಿರುವ ದೀಪ ಮಿನುಗತೊಡಗುತ್ತದೆ. ಘಟಕ ಕೆಟ್ಟಿಲ್ಲ, ತಂತಿ ತುಂಡಾಗಿಲ್ಲ. ಆ ಪೆಟ್ಟಿಗೆಯ ಮೆಮೊರಿಯಲ್ಲಿ ಬರೆದಿರುವುದು ಬೇರೊಂದು ಕಾರಿನ ಗುರುತು. ಹೊಸ ಜಾಗದಲ್ಲಿ ಅದು ಯಾರನ್ನೂ ನಂಬುವುದಿಲ್ಲ, ಅದನ್ನೂ ಯಾರೂ ನಂಬುವುದಿಲ್ಲ.

ಇಂದಿನ ಕಾರಿನಲ್ಲಿ ಇಂಥ ಘಟಕಗಳು ಹತ್ತಾರು ಇರುತ್ತವೆ. ಎಂಜಿನ್, ಗೇರ್‌ಬಾಕ್ಸ್, ಬ್ರೇಕ್, ಏರ್‌ಬ್ಯಾಗ್, ಸ್ಟೀರಿಂಗ್ ಇವುಗಳಿಗೆ ಒಂದೊಂದು. ಬಾಗಿಲು, ದೀಪ, ವೈಪರ್ ಮೊದಲಾದವನ್ನು ನೋಡಿಕೊಳ್ಳುವ ಬಾಡಿ ಕಂಟ್ರೋಲ್ ಮಾಡ್ಯೂಲ್, ಅಂದರೆ ಬಿಸಿಎಂ, ಮತ್ತೊಂದು. ಬಾಷ್ ಕಂಪನಿ 1986ರಲ್ಲಿ ಪರಿಚಯಿಸಿದ ಕ್ಯಾನ್ ಎಂಬ ಜಾಲದ ಹೆಣೆದ ಎರಡು ತಂತಿಗಳ ಮೂಲಕ ಇವು ಪರಸ್ಪರ ಮಾತಾಡಿಕೊಳ್ಳುತ್ತವೆ. ಪ್ರತಿ ಘಟಕದ ಮೆಮೊರಿಯಲ್ಲಿ, ಅದನ್ನು ನಡೆಸುವ ಪ್ರೋಗ್ರಾಮ್ ಅಲ್ಲದೆ, ಇನ್ನೆರಡು ಬಗೆಯ ಮಾಹಿತಿ ಇರುತ್ತದೆ. ನಾನು ಯಾವ ಕಾರಿಗೆ ಸೇರಿದವನು, ಯಾರನ್ನು ನಂಬಬೇಕು ಎಂಬುದು ಒಂದು. ಈ ಕಾರಿನಲ್ಲಿ ಏನೇನು ಅಳವಡಿಸಲಾಗಿದೆ ಎಂಬುದು ಇನ್ನೊಂದು. ಮೊದಲನೆಯದನ್ನು ಭದ್ರತೆ ಎಂದೂ ಎರಡನೆಯದನ್ನು ಕಾನ್ಫಿಗರೇಶನ್ ಎಂದೂ ಬೇರೆ ಬೇರೆಯಾಗಿ ಚರ್ಚಿಸುವ ರೂಢಿ ಇದೆಯಾದರೂ, ಇವೆರಡೂ ಬಹುಮಟ್ಟಿಗೆ ಒಂದೇ ಮೆಮೊರಿಯಲ್ಲಿ ಉಳಿಯುತ್ತವೆ ಮತ್ತು ಒಂದೇ ದಾರಿಯಿಂದ ಬರೆಯಲ್ಪಡುತ್ತವೆ. ಕಾರಿನ ಗೂಢಲಿಪಿ ಎಷ್ಟು ಗಟ್ಟಿ ಎಂಬುದಕ್ಕಿಂತ, ಆ ಮೆಮೊರಿಯಲ್ಲಿ ಬರೆಯಲು ಯಾರಿಗೆ ಅನುಮತಿ ಇದೆ ಎಂಬುದೇ ಹೆಚ್ಚಿನ ಸಂದರ್ಭಗಳಲ್ಲಿ ಕಾರಿನ ಭದ್ರತೆಯನ್ನು ನಿರ್ಧರಿಸುತ್ತದೆ.

ಆರಂಭದ ಪ್ರಯತ್ನಗಳು ಸರಳವಾಗಿದ್ದವು. ಜನರಲ್ ಮೋಟಾರ್ಸ್ 1986ರ ಮಾದರಿಯ ಕಾರ್ವೆಟ್‌ನಲ್ಲಿ ತಂದ ವ್ಯಾಟ್ಸ್ ವ್ಯವಸ್ಥೆಯಲ್ಲಿ ಕೀಯ ಅಲಗಿನೊಳಗೆ ಒಂದು ಪುಟ್ಟ ರೆಸಿಸ್ಟರ್ ಹುದುಗಿರುತ್ತಿತ್ತು. ಅದರ ವಿದ್ಯುತ್ ಪ್ರತಿರೋಧವನ್ನು ಕಾರಿನ ಘಟಕ ಅಳೆದು, ತನ್ನಲ್ಲಿರುವ ಮೌಲ್ಯಕ್ಕೆ ಹೊಂದಿದರೆ ಮಾತ್ರ ಸ್ಟಾರ್ಟರಿಗೂ ಇಂಧನಕ್ಕೂ ಅಪ್ಪಣೆ ಕೊಡುತ್ತಿತ್ತು. ಹೊಂದದಿದ್ದರೆ ಕೆಲವು ನಿಮಿಷ ಯಾವ ಕೀಯನ್ನೂ ಪರಿಗಣಿಸುತ್ತಿರಲಿಲ್ಲ. ಆದರೆ ಬಳಕೆಯಲ್ಲಿದ್ದುದು ಬರೀ 15 ಮೌಲ್ಯಗಳು. ಒಂದೊಂದನ್ನೇ ಪರೀಕ್ಷಿಸುವ ತಾಳ್ಮೆ ಇದ್ದವನನ್ನು ಅದು ಹೆಚ್ಚು ಹೊತ್ತು ತಡೆಯುವಂತಿರಲಿಲ್ಲ. ಆದರೂ ಎರಡು ವಿಚಾರಗಳು ಅಲ್ಲಿಂದಲೇ ಮುಂದುವರಿದು ಬಂದಿವೆ: ಲೋಹದ ಹಲ್ಲುಗಳ ಆಕಾರದ ಜೊತೆಗೆ ವಿದ್ಯುನ್ಮಾನ ಗುರುತನ್ನೂ ಕೇಳುವುದು, ಮತ್ತು ತಪ್ಪು ಉತ್ತರ ಕೊಟ್ಟವನನ್ನು ಕಾಯಿಸುವುದು.

1990ರ ದಶಕದ ನಡುವಿನಲ್ಲಿ ಕೀಯ ಪ್ಲಾಸ್ಟಿಕ್ ತಲೆಯೊಳಗೆ ಟ್ರಾನ್ಸ್‌ಪಾಂಡರ್ ಎಂಬ ಚಿಪ್ ಬಂದಿತು. ಇದಕ್ಕೆ ಬ್ಯಾಟರಿ ಬೇಡ. ಕೀ ತೂರಿಸುವ ಜಾಗದ ಸುತ್ತ ಇರುವ ತಾಮ್ರದ ಸುರುಳಿ ಸುಮಾರು 125 ಕಿಲೋಹರ್ಟ್ಸ್ ಆವರ್ತನದ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ; ಚಿಪ್ ಅದರಿಂದಲೇ ಶಕ್ತಿ ಪಡೆದು ಉತ್ತರಿಸುತ್ತದೆ. ರಿಮೋಟ್‌ನ ಬ್ಯಾಟರಿ ಸತ್ತರೂ ಕಾರು ಚಾಲೂ ಆಗುವುದು ಇದೇ ಕಾರಣಕ್ಕೆ. ಮೊದಮೊದಲ ಚಿಪ್‌ಗಳು ಒಂದು ನಿಶ್ಚಿತ ಸಂಖ್ಯೆಯನ್ನು ಹೇಳುತ್ತಿದ್ದವು, ಹಾಗಾಗಿ ಅದನ್ನು ಒಮ್ಮೆ ಕೇಳಿಸಿಕೊಂಡ ಯಾರಾದರೂ ನಕಲು ಮಾಡಬಹುದಿತ್ತು. ನಂತರ ಬಂದ ವಿಧಾನದಲ್ಲಿ ಕಾರು ಪ್ರತಿ ಬಾರಿಯೂ ಹೊಸದೊಂದು ಯಾದೃಚ್ಛಿಕ ಸಂಖ್ಯೆಯನ್ನು ಸವಾಲಾಗಿ ಕಳುಹಿಸುತ್ತದೆ. ಚಿಪ್ ತನ್ನೊಳಗಿನ ರಹಸ್ಯ ಸಂಖ್ಯೆಯನ್ನು ಬಳಸಿ ಅದರ ಮೇಲೆ ಲೆಕ್ಕ ಮಾಡಿ ಫಲಿತಾಂಶವನ್ನಷ್ಟೇ ಹಿಂತಿರುಗಿಸುತ್ತದೆ. ಕಾರಿನಲ್ಲಿಯೂ ಅದೇ ರಹಸ್ಯ ಇರುವುದರಿಂದ ಅದು ಅದೇ ಲೆಕ್ಕವನ್ನು ತಾನೂ ಮಾಡಿ ಹೋಲಿಸುತ್ತದೆ. ರಹಸ್ಯ ಯಾವ ಹಂತದಲ್ಲೂ ಗಾಳಿಯಲ್ಲಿ ಹಾದುಹೋಗುವುದಿಲ್ಲ, ನಿನ್ನೆಯ ಉತ್ತರ ಇಂದಿನ ಸವಾಲಿಗೆ ಸರಿಹೊಂದುವುದಿಲ್ಲ.

ಇಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. ಕೀ ಸರಿಯಾಗಿದೆ ಎಂದು ತೀರ್ಮಾನಿಸುವ ಘಟಕ ಒಂದು, ಎಂಜಿನ್ ಓಡಿಸುವ ಘಟಕ ಇನ್ನೊಂದು. ತೀರ್ಮಾನವು ಒಂದು ತಂತಿಯ ಮೇಲೆ ಬರುವ ಬರೀ ‘ಹೌದು’ ಆಗಿದ್ದರೆ, ಕಳ್ಳನಿಗೆ ಕೀಯ ಗೊಡವೆಯೇ ಬೇಡ. ಆ ತಂತಿಗೆ ಸುಳ್ಳು ‘ಹೌದು’ ಕೊಟ್ಟರೆ ಸಾಕು. ಆದ್ದರಿಂದ ಗಂಭೀರವಾದ ವಿನ್ಯಾಸಗಳಲ್ಲಿ ಬಿಸಿಎಂ ಅಥವಾ ಮೀಟರ್ ಫಲಕದೊಳಗಿನ ಇಮ್ಮೊಬಿಲೈಸರ್‌ಗೂ, ಅಂದರೆ ಕೀಯನ್ನು ಪರಿಶೀಲಿಸಿ ಅಪ್ಪಣೆ ಕೊಡುವ ಭಾಗಕ್ಕೂ, ಎಂಜಿನ್ ಘಟಕಕ್ಕೂ ನಡುವೆ ಎರಡನೆಯ ರಹಸ್ಯವೊಂದು ಹಂಚಿಕೆಯಾಗಿರುತ್ತದೆ, ಮತ್ತು ಸವಾಲು–ಉತ್ತರದ ವ್ಯವಹಾರ ಅಲ್ಲಿಯೂ ಇನ್ನೊಮ್ಮೆ ನಡೆಯುತ್ತದೆ. ಉತ್ತರ ಸರಿಯಿಲ್ಲದಿದ್ದರೆ ಎಂಜಿನ್ ಘಟಕವೇ ತನ್ನ ಪ್ರೋಗ್ರಾಮಿನೊಳಗೆ ಇಂಧನ ಸಿಂಪಡಣೆಯನ್ನು ನಿಲ್ಲಿಸುತ್ತದೆ. ಆ ನಿರ್ಧಾರ ಸಾಫ್ಟ್‌ವೇರಿನಲ್ಲಿ ಇರುವುದರಿಂದ ಕತ್ತರಿಸಲು, ಜೋಡಿಸಲು ಹೊರಗೆ ಯಾವ ತಂತಿಯೂ ಸಿಗುವುದಿಲ್ಲ. ಮೊದಲು ಹೇಳಿದ ಕಾರಿನಲ್ಲಿ ಎಂಜಿನ್ ಓಡಿ ನಿಂತುದರ ಕಾರಣವೂ ಇದೇ: ಹೊಸ ಪೆಟ್ಟಿಗೆ ತನಗೆ ಗೊತ್ತಿದ್ದ ಹಳೆಯ ಜೊತೆಗಾರನ ಉತ್ತರಕ್ಕಾಗಿ ಕಾದು, ಅದು ಬಾರದೆ ಇಂಧನವನ್ನು ಕಡಿತಗೊಳಿಸಿತು.

ಈ ವ್ಯವಸ್ಥೆಗೆ ನಿಜವಾಗಿ ಬೆಲೆ ಇದೆಯೇ ಎಂಬ ಪ್ರಶ್ನೆಗೆ ಉತ್ತರ ಅಯಾಚಿತವಾಗಿ ಅಮೆರಿಕದಲ್ಲಿ ಸಿಕ್ಕಿತು. ಯುರೋಪಿನ ಒಕ್ಕೂಟ ಮತ್ತು ಬ್ರಿಟನ್ 1998ರಿಂದ, ಆಸ್ಟ್ರೇಲಿಯಾ 2001ರಿಂದ, ಕೆನಡಾ 2007ರಿಂದ ಹೊಸ ಕಾರುಗಳಿಗೆ ಇಮ್ಮೊಬಿಲೈಸರ್ ಕಡ್ಡಾಯ ಮಾಡಿದವು. ಅಮೆರಿಕದಲ್ಲಿ ಅಂಥ ಒಕ್ಕೂಟ ಮಟ್ಟದ ನಿಯಮ ಬರಲಿಲ್ಲ. ಅಲ್ಲಿನ ವಿಮಾ ಸಂಸ್ಥೆಗಳ ಸಂಶೋಧನಾ ಘಟಕದ ಲೆಕ್ಕದಂತೆ, 2015ರ ಮಾದರಿಗಳ ಪೈಕಿ ಇತರ ತಯಾರಕರ 96 ಶೇಕಡಾ ವಾಹನಗಳಲ್ಲಿ ಅದು ಸಹಜ ಸೌಲಭ್ಯವಾಗಿತ್ತು. ಹ್ಯುಂಡೈ ಮತ್ತು ಕಿಯಾ ವಾಹನಗಳಲ್ಲಿ ಆ ಪ್ರಮಾಣ 26 ಶೇಕಡಾ ಮಾತ್ರ. ಕೀ ಚಿಪ್ ಇಲ್ಲದ ಆ ಕಾರುಗಳನ್ನು ಕದಿಯುವ ವಿಧಾನ ಸಾಮಾಜಿಕ ಜಾಲತಾಣಗಳಲ್ಲಿ ಹರಡಿದಾಗ ಕಳ್ಳತನ ಎಷ್ಟು ಹೆಚ್ಚಿತೆಂದರೆ, 2023ರ ಫೆಬ್ರುವರಿಯಲ್ಲಿ ಎರಡೂ ಕಂಪನಿಗಳು ಸುಮಾರು 83 ಲಕ್ಷ ವಾಹನಗಳಿಗೆ ಉಚಿತ ಸಾಫ್ಟ್‌ವೇರ್ ಪರಿಷ್ಕರಣೆಯನ್ನು ಪ್ರಕಟಿಸಬೇಕಾಯಿತು. ಅದೇ ಕಂಪನಿಗಳ ಅದೇ ಕಾಲದ ಕಾರುಗಳು ಕೆನಡಾದಲ್ಲಿ ಇಮ್ಮೊಬಿಲೈಸರ್ ಸಹಿತವೇ ಮಾರಾಟವಾಗಿದ್ದವು. ತಂತ್ರಜ್ಞಾನ ಇರಲಿಲ್ಲ ಎಂದಲ್ಲ, ಅಳವಡಿಸಿರಲಿಲ್ಲ ಅಷ್ಟೆ.

ಗೂಢಲಿಪಿಯ ಕಥೆ ಅಷ್ಟು ಹೆಮ್ಮೆಪಡುವಂಥದ್ದಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ 40 ಬಿಟ್‌ಗಳ ಟ್ರಾನ್ಸ್‌ಪಾಂಡರ್‌ನ ಗುಟ್ಟನ್ನು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಮತ್ತು ಆರ್‌ಎಸ್‌ಎ ಪ್ರಯೋಗಾಲಯದ ಸಂಶೋಧಕರು 2005ರಲ್ಲಿ ಬಿಡಿಸಿದರು. 48 ಬಿಟ್‌ಗಳ ಹಿಟ್ಯಾಗ್2 ಚಿಪ್‌ನ ಸರದಿ 2012ರಲ್ಲಿ ಬಂದಿತು. 96 ಬಿಟ್‌ಗಳ ಮೆಗಾಮೋಸ್ ಚಿಪ್ ಕುರಿತ ಸಂಶೋಧನೆಯನ್ನು 2013ರಲ್ಲಿ ಪ್ರಕಟಿಸದಂತೆ ಫೋಕ್ಸ್‌ವ್ಯಾಗನ್ ಲಂಡನ್ನಿನ ಹೈಕೋರ್ಟಿನಿಂದ ತಡೆಯಾಜ್ಞೆ ತಂದಿತು; ಅದು ಬೆಳಕು ಕಂಡದ್ದು 2015ರಲ್ಲಿ. ಮೂರೂ ಪ್ರಕರಣಗಳಲ್ಲಿ ಸೋತದ್ದು ತಯಾರಕರು ಬಚ್ಚಿಟ್ಟುಕೊಂಡ ಸ್ವಂತ ಲೆಕ್ಕವಿಧಾನಗಳು. ಎಲ್ಲರೂ ಪರೀಕ್ಷಿಸಿ ನೋಡಿದ, 128 ಬಿಟ್‌ಗಳ ಎಇಎಸ್‌ನಂಥ ವಿಧಾನವನ್ನು ಮೊದಲೇ ಆರಿಸಿಕೊಂಡಿದ್ದರೆ ಎರಡು ದಶಕಗಳ ಪೇಚು ತಪ್ಪುತ್ತಿತ್ತು ಎಂದು ಈಗ ಹೇಳುವುದು ಸುಲಭ. ಆದರೆ ಕಾಂತಕ್ಷೇತ್ರದಿಂದ ಬರುವ ಅತ್ಯಲ್ಪ ಶಕ್ತಿಯಲ್ಲಿ ನಡೆಯಬೇಕಾದ ಅಗ್ಗದ ಚಿಪ್‌ಗೆ ಆ ಕಾಲದಲ್ಲಿ ಅದು ಭಾರವೂ ಆಗಿತ್ತು ಎಂಬುದನ್ನು ಮರೆಯಬಾರದು. ಕೀ ಜೇಬಿನಲ್ಲಿದ್ದರೆ ಸಾಕು, ಗುಂಡಿ ಒತ್ತಿ ಚಾಲೂ ಮಾಡಬಹುದು ಎಂಬ ವ್ಯವಸ್ಥೆಗಳಲ್ಲಿ ಗೂಢಲಿಪಿಯನ್ನು ಒಡೆಯುವ ಅಗತ್ಯವೂ ಇಲ್ಲ. ಮನೆಯೊಳಗಿನ ಕೀಯ ಸಂಕೇತವನ್ನು ಹೊರಗಿನ ಕಾರಿನವರೆಗೆ ಮರುಪ್ರಸಾರ ಮಾಡಿದರೆ, ಅಸಲಿ ಕೀಯೇ ಅಸಲಿ ಉತ್ತರ ಕೊಡುತ್ತದೆ. 2011ರಲ್ಲಿ ಜ್ಯೂರಿಕ್‌ನ ಇಟಿಎಚ್ ಸಂಶೋಧಕರು ಪರೀಕ್ಷಿಸಿದ 10 ಮಾದರಿಗಳೂ ಹೀಗೆ ಮೋಸಹೋದವು.

ಇನ್ನು ಕಾನ್ಫಿಗರೇಶನ್. ತಯಾರಕನಿಗೆ ಒಂದೇ ಬಗೆಯ ಘಟಕವನ್ನು ಲಕ್ಷಾಂತರ ಸಂಖ್ಯೆಯಲ್ಲಿ ತಯಾರಿಸಿ, ಯಾವ ಕಾರಿಗೆ ಹೇಗೆ ವರ್ತಿಸಬೇಕೆಂಬುದನ್ನು ಜೋಡಣಾ ಸಾಲಿನ ಕೊನೆಯಲ್ಲಿ ಬರೆಯುವುದು ಅಗ್ಗ. ಚಕ್ರದ ಸುತ್ತಳತೆ ಎಷ್ಟು, ಏರ್‌ಬ್ಯಾಗ್‌ಗಳು ಎಷ್ಟು, ಗೇರ್ ಸ್ವಯಂಚಾಲಿತವೋ ಅಲ್ಲವೋ, ಕ್ರೂಸ್ ಕಂಟ್ರೋಲ್ ಇದೆಯೋ ಇಲ್ಲವೋ, ಹಗಲಲ್ಲೂ ದೀಪ ಉರಿಯಬೇಕೆನ್ನುವ ದೇಶಕ್ಕೆ ಹೋಗುವ ಕಾರೋ ಎಂಬಂಥ ಸಂಗತಿಗಳು ಕೆಲವು ಬಿಟ್‌ಗಳಾಗಿ ಮೆಮೊರಿಯಲ್ಲಿ ಕೂರುತ್ತವೆ. ಫೋರ್ಡ್ ಪ್ರತಿ ಕಾರಿಗೂ ಕಾರ್ಖಾನೆಯಿಂದ ಹೊರಟಾಗಿನ ಈ ಮಾಹಿತಿಯನ್ನು ದಾಖಲಿಸಿಡುತ್ತದೆ. ಫೋಕ್ಸ್‌ವ್ಯಾಗನ್ ಸಮೂಹದ ಕಾರುಗಳಲ್ಲಿ ಇದನ್ನು ಕೋಡಿಂಗ್ ಎನ್ನುತ್ತಾರೆ. ಇಲ್ಲಿ ಆಗುವ ತಪ್ಪುಗಳು ಕಳ್ಳತನದಷ್ಟು ನಾಟಕೀಯವಲ್ಲವಾದರೂ ಕಾಡುತ್ತವೆ. ಚಕ್ರದ ಅಳತೆ ತಪ್ಪಿದ್ದರೆ ವೇಗಮಾಪಕ ಸುಳ್ಳು ಹೇಳುತ್ತದೆ. ಇಲ್ಲದ ಘಟಕವೊಂದು ಇದೆಯೆಂದು ಬರೆದಿದ್ದರೆ ಉಳಿದವು ಅದರ ಸಂದೇಶಕ್ಕಾಗಿ ಕಾಯುತ್ತಾ ಸಂಪರ್ಕ ಕಡಿದಿದೆ ಎಂಬ ದೋಷಸಂಕೇತವನ್ನು ಮತ್ತೆ ಮತ್ತೆ ದಾಖಲಿಸುತ್ತವೆ, ಮೆಕ್ಯಾನಿಕ್ ಕೆಡದ ತಂತಿಯನ್ನು ಹುಡುಕುತ್ತಾ ಕೂರುತ್ತಾನೆ.

ಭದ್ರತೆಯೂ ಕಾನ್ಫಿಗರೇಶನ್ನೂ ಸಂಧಿಸುವ ಜಾಗ ವಾಹನದ ಗುರುತಿನ ಸಂಖ್ಯೆ, ಅಂದರೆ ವಿಐಎನ್. ಒಂದು ಮತ್ತು ಸೊನ್ನೆಯೊಂದಿಗೆ ಗೊಂದಲವಾಗದಿರಲೆಂದು ಐ, ಒ, ಕ್ಯೂ ಅಕ್ಷರಗಳನ್ನು ಬಿಟ್ಟು ರಚಿಸಿದ ಈ 17 ಚಿಹ್ನೆಗಳ ಸಂಖ್ಯೆ ಚಾಸಿಯ ಮೇಲೆ ಮಾತ್ರವಲ್ಲ, ಹಲವು ಘಟಕಗಳ ಒಳಗೂ ಇರುತ್ತದೆ. ಘಟಕಗಳು ಅದನ್ನು ಹೋಲಿಸಿ ನೋಡುತ್ತವೆ. ಹೊಂದದಿದ್ದರೆ ಕೆಲವು ಬರೀ ದೋಷ ದಾಖಲಿಸುತ್ತವೆ, ಕೆಲವು ತಮ್ಮ ಕೆಲಸವನ್ನೇ ಸೀಮಿತಗೊಳಿಸುತ್ತವೆ. ಔಡಿಯಂಥ ಕಾರುಗಳಲ್ಲಿ ಕದ್ದ ಅಥವಾ ಹಳೆಯ ಕಾರಿನಿಂದ ತೆಗೆದ ಆಡಿಯೋ ಘಟಕ ಬೇರೆ ಕಾರಿನಲ್ಲಿ ಪೂರ್ಣವಾಗಿ ಕೆಲಸ ಮಾಡದಂತೆ ತಡೆಯುವ ಕಾಂಪೊನೆಂಟ್ ಪ್ರೊಟೆಕ್ಷನ್ ವ್ಯವಸ್ಥೆ ಇದೆ. ತಯಾರಕನ ಸರ್ವರ್ ಒಪ್ಪಿಗೆ ಕೊಡುವವರೆಗೆ ಆ ನಿರ್ಬಂಧ ಕಳೆಯುವುದಿಲ್ಲ. ಬಿಡಿಭಾಗ ಮಾರುವ ಕಳ್ಳರಿಗೆ ಇದು ದೊಡ್ಡ ಪೆಟ್ಟು, ಪ್ರಾಮಾಣಿಕವಾಗಿ ಹಳೆಯ ಭಾಗ ಕೊಂಡವನಿಗೂ ಅಷ್ಟೇ ಪೆಟ್ಟು. ಯಂತ್ರಕ್ಕೆ ಇಬ್ಬರ ನಡುವೆ ವ್ಯತ್ಯಾಸ ಕಾಣುವುದಿಲ್ಲ.

ಇವನ್ನೆಲ್ಲ ಬರೆಯುವ ದಾರಿ ಸ್ಟೀರಿಂಗಿನ ಕೆಳಗಿರುವ 16 ಪಿನ್‌ಗಳ ಒಬಿಡಿ ಸಾಕೆಟ್, ಅಂದರೆ ದೋಷ ಪತ್ತೆಯ ಉಪಕರಣ ಜೋಡಿಸುವ ಜಾಗ. ಅಲ್ಲಿಗೆ ಸ್ಕ್ಯಾನರ್ ಜೋಡಿಸಿದಾಗ ನಡೆಯುವ ಸಂಭಾಷಣೆಯ ವ್ಯಾಕರಣವನ್ನು ಇಂದಿನ ಬಹುತೇಕ ಕಾರುಗಳಲ್ಲಿ ಯುಡಿಎಸ್ ಎಂಬ ಐಎಸ್‌ಒ 14229 ಮಾನದಂಡ ನಿಗದಿಪಡಿಸುತ್ತದೆ. ಮಾಹಿತಿ ಓದಲು ಒಂದು ಸೇವೆ, ಬರೆಯಲು ಒಂದು ಸೇವೆ. ಬರೆಯುವುದಕ್ಕೆ ಮುನ್ನ ಸಾಮಾನ್ಯವಾಗಿ 27 ಎಂಬ ಸಂಖ್ಯೆಯ ಸೇವೆಯ ಮೂಲಕ ಅನುಮತಿ ಪಡೆಯಬೇಕು. ಸ್ಕ್ಯಾನರ್ ಅನುಮತಿ ಕೇಳಿದಾಗ ಘಟಕ ಸೀಡ್ ಎಂಬ ಸಂಖ್ಯೆಯನ್ನು ಕೊಡುತ್ತದೆ, ಸ್ಕ್ಯಾನರ್ ಗುಪ್ತ ಸೂತ್ರದಂತೆ ಲೆಕ್ಕ ಮಾಡಿ ಉತ್ತರ ಕಳುಹಿಸುತ್ತದೆ. ತಪ್ಪಿದರೆ ತಪ್ಪು ಎಂಬ ಸಂಕೇತ, ಪದೇ ಪದೇ ತಪ್ಪಿದರೆ ಮಿತಿ ಮೀರಿದೆ ಎಂಬ ಸಂಕೇತ, ಅವಸರಪಟ್ಟರೆ ಕಾಯುವ ಅವಧಿ ಇನ್ನೂ ಮುಗಿದಿಲ್ಲ ಎಂಬ ಸಂಕೇತ ಬರುತ್ತದೆ.

ಕೀಯ ಜೊತೆ ನಡೆಯುವ ಸವಾಲು–ಉತ್ತರಕ್ಕೂ ಇದಕ್ಕೂ ಹೋಲಿಕೆ ಎದ್ದು ಕಾಣುತ್ತದೆ, ಆದರೆ ಬಲದಲ್ಲಿ ಹೋಲಿಕೆ ಇಲ್ಲ. ಹಳೆಯ ಘಟಕಗಳಲ್ಲಿ ಈ ಉತ್ತರ 16 ಬಿಟ್‌ಗಳಷ್ಟೇ ಇರುತ್ತಿತ್ತು, ಅಂದರೆ ಒಟ್ಟು 65,536 ಸಾಧ್ಯತೆಗಳು. ಪ್ರತಿ ಯತ್ನಕ್ಕೆ 10 ಸೆಕೆಂಡು ಕಾಯಬೇಕೆಂದು ಇಟ್ಟುಕೊಂಡರೂ ಎಲ್ಲವನ್ನೂ ಪರೀಕ್ಷಿಸಲು ಏಳೂವರೆ ದಿನ ಸಾಕು. ಬೀದಿಯಲ್ಲಿ ನಿಂತ ಕಳ್ಳನಿಗೆ ಅದು ಅಸಾಧ್ಯ, ಮೇಜಿನ ಮೇಲೆ ಘಟಕ ಇಟ್ಟುಕೊಂಡವನಿಗೆ ಒಂದು ವಾರದ ಕೆಲಸ. ಅದಕ್ಕಿಂತ ದೊಡ್ಡ ದೌರ್ಬಲ್ಯವೆಂದರೆ, ಕೀಯಲ್ಲಿರುವ ರಹಸ್ಯ ಪ್ರತಿ ಕಾರಿಗೂ ಬೇರೆ ಇದ್ದರೆ, ಈ ಸೂತ್ರ ಎಷ್ಟೋ ವೇಳೆ ಇಡೀ ಮಾದರಿಗೆ ಒಂದೇ ಆಗಿರುತ್ತಿತ್ತು ಮತ್ತು ಅದು ಸಾವಿರಾರು ವರ್ಕ್‌ಶಾಪ್‌ಗಳಲ್ಲಿನ ಉಪಕರಣಗಳ ಸಾಫ್ಟ್‌ವೇರಿನೊಳಗೆ ಇರುತ್ತಿತ್ತು. ಒಂದು ಉಪಕರಣದಿಂದ ಅದನ್ನು ಹೊರತೆಗೆದವನಿಗೆ ಆ ಮಾದರಿಯ ಎಲ್ಲ ಕಾರುಗಳ ಮೆಮೊರಿಯೂ ತೆರೆದುಕೊಳ್ಳುತ್ತದೆ. ಆಮೇಲೆ ಅವನು ಯಾವ ಗೂಢಲಿಪಿಯನ್ನೂ ಒಡೆಯಬೇಕಿಲ್ಲ. ತನ್ನದೇ ಖಾಲಿ ಕೀಯನ್ನು ಕಾರಿಗೆ ಪರಿಚಯಿಸಿದರೆ ಸಾಕು, ಕಾರು ಅದನ್ನು ಮಾಲೀಕನ ಕೀ ಎಂದೇ ತಿಳಿಯುತ್ತದೆ.

ಹೊಸ ಕೀ ಸೇರಿಸುವ ವಿಧಿಗೆ ತಯಾರಕರು ಹಲವು ಬಗೆಯ ತಡೆ ಹಾಕಿದ್ದಾರೆ. ಈಗಾಗಲೇ ನೋಂದಾಯಿಸಿದ ಎರಡು ಕೀಗಳನ್ನು ತೋರಿಸಿದರೆ ಮಾತ್ರ ಮೂರನೆಯದನ್ನು ಸೇರಿಸಬಹುದು ಎಂಬುದು ಒಂದು. ಆ ಕಾರಿಗೇ ಸೇರಿದ ಪಿನ್ ಸಂಖ್ಯೆ ಕೇಳುವುದು ಇನ್ನೊಂದು. ನನಗೆ ಹೆಚ್ಚು ಜಾಣತನದ್ದೆನಿಸುವುದು ಬರೀ ಕಾಲವನ್ನೇ ಕಾವಲಿಗೆ ನಿಲ್ಲಿಸಿದ ವಿಧಾನ: ಫೋರ್ಡ್‌ನ ಹಲವು ಕಾರುಗಳಲ್ಲಿ ಅನುಮತಿ ಸಿಗಲು ಸುಮಾರು 10 ನಿಮಿಷ ಕಾಯಬೇಕು, ಜನರಲ್ ಮೋಟಾರ್ಸ್‌ನ ಕೆಲವು ಕಾರುಗಳಲ್ಲಿ 10 ನಿಮಿಷದ ಕಾಯುವಿಕೆಯನ್ನು ಮೂರು ಬಾರಿ ಮಾಡಿದ ಮೇಲೆ ಘಟಕ ಹೊಸ ಗುರುತನ್ನು ಒಪ್ಪಿಕೊಳ್ಳುತ್ತದೆ. ವರ್ಕ್‌ಶಾಪಿನಲ್ಲಿ ಅರ್ಧ ಗಂಟೆ ಏನೂ ಅಲ್ಲ, ಬೇರೊಬ್ಬರ ಮನೆಯ ಮುಂದೆ ಅದು ದೀರ್ಘ ಸಮಯ.

ಆದರೆ ಎಲ್ಲ ಕೀಗಳೂ ಕಳೆದುಹೋದ ಮಾಲೀಕನೂ, ಒಂದೂ ಕೀ ಇಲ್ಲದ ಕಳ್ಳನೂ ಕಾರಿನ ಕಣ್ಣಿಗೆ ಒಂದೇ ರೀತಿ ಕಾಣುತ್ತಾರೆ. ಮೊದಲನೆಯವನಿಗೆ ಸಹಾಯ ಮಾಡುವ ಯಾವುದೇ ವಿಧಿ ಎರಡನೆಯವನಿಗೂ ಸಿಗಬಹುದು. ಈ ತೊಡಕನ್ನು ಕಾರಿನೊಳಗೆ ಪರಿಹರಿಸಲು ಸಾಧ್ಯವೇ ಇಲ್ಲದ್ದರಿಂದ ತೀರ್ಮಾನ ಹೊರಗೆ ಸರಿದಿದೆ. ಅಮೆರಿಕದಲ್ಲಿ ನಾಸ್ಟಫ್ ಸಂಸ್ಥೆ ಬೀಗ ತಂತ್ರಜ್ಞರ ಹಿನ್ನೆಲೆಯನ್ನು ಪರಿಶೀಲಿಸಿ ನೋಂದಾಯಿಸುತ್ತದೆ, ಯುರೋಪಿನಲ್ಲಿ ಸರ್ಮಿ ಎಂಬ ವ್ಯವಸ್ಥೆ ಅದೇ ಕೆಲಸಕ್ಕಾಗಿ ಬಂದಿದೆ; ತಂತ್ರಜ್ಞ ತನ್ನ ಗುರುತಿನೊಂದಿಗೆ ತಯಾರಕನ ಸರ್ವರ್‌ಗೆ ಸಂಪರ್ಕಿಸಿ ಅನುಮತಿ ಪಡೆಯುತ್ತಾನೆ, ಯಾವ ಕಾರಿಗೆ ಯಾರು ಕೀ ಸೇರಿಸಿದರು ಎಂಬುದು ದಾಖಲಾಗುತ್ತದೆ. ಯುಡಿಎಸ್ ಮಾನದಂಡಕ್ಕೂ 2020ರಲ್ಲಿ ಡಿಜಿಟಲ್ ಪ್ರಮಾಣಪತ್ರ ಆಧರಿಸಿದ, 29 ಎಂಬ ಸಂಖ್ಯೆಯ ಸೇವೆ ಸೇರಿತು, ಹಾಗಾಗಿ ಸ್ಕ್ಯಾನರ್ ತನ್ನೊಳಗೆ ಸೂತ್ರವನ್ನು ಹೊತ್ತುಕೊಂಡು ತಿರುಗಬೇಕಿಲ್ಲ. 2015ರಲ್ಲಿ ಇಬ್ಬರು ಸಂಶೋಧಕರು ಜೀಪ್ ಚೆರೋಕಿಯೊಂದನ್ನು ದೂರದಿಂದಲೇ ನಿಯಂತ್ರಿಸಿ ತೋರಿಸಿ, 14 ಲಕ್ಷ ವಾಹನಗಳನ್ನು ಅದರ ತಯಾರಕರಾದ ಫಿಯಾಟ್ ಕ್ರೈಸ್ಲರ್ ಸಮೂಹ ಹಿಂದಕ್ಕೆ ಕರೆದ ನಂತರ, ಅದೇ ಸಮೂಹದ ಕಾರುಗಳಲ್ಲಿ 2018ರ ಮಾದರಿಗಳಿಂದ ಒಬಿಡಿ ಸಾಕೆಟ್ ಮತ್ತು ಒಳಜಾಲದ ನಡುವೆ ಸೆಕ್ಯುರಿಟಿ ಗೇಟ್‌ವೇ ಘಟಕ ಕಾಣಿಸಿಕೊಂಡಿತು. ನೋಂದಣಿಯಿಲ್ಲದ ಉಪಕರಣ ಅದರಾಚೆಗಿನದನ್ನು ಓದಬಹುದು, ಬರೆಯುವಂತಿಲ್ಲ.

ಈ ದಾರಿಗೆ ಕಾವಲು ಬಿಗಿಯಾದಂತೆ ಕಳ್ಳರು ಜಾಲದ ತಂತಿಗೇ ಕೈಹಾಕಿದರು. ಕ್ಯಾನ್ ಸಂದೇಶದಲ್ಲಿ ಅದರ ವಿಷಯದ ಗುರುತು ಇರುತ್ತದೆಯೇ ಹೊರತು ಕಳುಹಿಸಿದವರು ಯಾರು ಎಂಬುದಕ್ಕೆ ಪುರಾವೆ ಇರುವುದಿಲ್ಲ. ಜಾಲದ ಮೇಲಿರುವ ಯಾರು ಏನು ಹೇಳಿದರೂ ಉಳಿದವು ನಂಬುತ್ತವೆ. 1986ರಲ್ಲಿ ಅದು ದೋಷವಾಗಿರಲಿಲ್ಲ, ಏಕೆಂದರೆ ತಂತಿಗಳೆಲ್ಲ ಕಾರಿನೊಳಗೇ ಇದ್ದವು. 2022ರಲ್ಲಿ ಲಂಡನ್ನಿನಲ್ಲಿ ವಾಹನ ಭದ್ರತಾ ಸಂಶೋಧಕರೊಬ್ಬರ ಟೊಯೋಟಾ ರಾವ್4 ಕಳುವಾಯಿತು. ಅದರ ವಿಧಾನವನ್ನು ಕಾರಿನ ಜಾಲಗಳ ತಜ್ಞ ಕೆನ್ ಟಿಂಡೆಲ್ 2023ರ ಏಪ್ರಿಲ್‌ನಲ್ಲಿ ವಿವರಿಸಿದರು: ಮುಂಬದಿಯ ಬಂಪರ್ ಸರಿಸಿ ಹೆಡ್‌ಲೈಟಿನ ಕನೆಕ್ಟರ್ ಮೂಲಕ ಜಾಲವನ್ನು ಮುಟ್ಟಿ, ಕೀ ಸರಿಯಾಗಿದೆ ಎಂಬ ಸುಳ್ಳು ಸಂದೇಶವನ್ನು ಚುಚ್ಚುವ ಉಪಕರಣವನ್ನು ಬ್ಲೂಟೂತ್ ಸ್ಪೀಕರಿನ ಕವಚದೊಳಗೆ ಅಡಗಿಸಿ ಮಾರಲಾಗುತ್ತಿತ್ತು. ಬರೀ ‘ಹೌದು’ ತರುವ ತಂತಿಯ ಹಳೆಯ ಸಮಸ್ಯೆಯೇ ಇಲ್ಲಿ ಬೇರೆ ರೂಪದಲ್ಲಿ ಮರಳಿ ಬಂದಿದೆ.

ಇದಕ್ಕೆ ಪರಿಹಾರ, ವಾಹನ ಉದ್ಯಮದ ಕಂಪನಿಗಳ ಆಟೋಸಾರ್ ಒಕ್ಕೂಟ ರೂಪಿಸಿದ ಸೆಕ್‌ಒಸಿ ವಿಧಾನದಂತೆ, ಮುಖ್ಯ ಸಂದೇಶಗಳ ಕೊನೆಗೆ ಗೂಢಲಿಪಿಯ ಮುದ್ರೆಯನ್ನೂ ಏರುತ್ತಾ ಹೋಗುವ ಎಣಿಕೆಯೊಂದನ್ನೂ ಸೇರಿಸುವುದು. ಮುದ್ರೆ ಇಲ್ಲದ್ದು ನಕಲಿ, ಎಣಿಕೆ ಹಳೆಯದಾದರೆ ಮರುಪ್ರಸಾರ. ಮೂಲ ಕ್ಯಾನ್ ಸಂದೇಶದಲ್ಲಿ ಇರುವುದೇ 8 ಬೈಟ್‌ಗಳಾದ್ದರಿಂದ ಮುದ್ರೆಯನ್ನು ತುಂಡರಿಸಿ ಹಾಕಬೇಕಾಗುತ್ತದೆ. ಅದರ ಹೊಸ ರೂಪವಾದ, 64 ಬೈಟ್‌ಗಳ ಕ್ಯಾನ್ ಎಫ್‌ಡಿಯಲ್ಲಿ ಜಾಗದ ಇಕ್ಕಟ್ಟು ಕಡಿಮೆ. ಮುದ್ರೆ ಒತ್ತುವ ರಹಸ್ಯಗಳು ಈಗ ಸಾಮಾನ್ಯ ಮೆಮೊರಿಯಲ್ಲಿ ಇರದೆ, ಚಿಪ್ಪಿನೊಳಗೇ ಪ್ರತ್ಯೇಕವಾಗಿರುವ ಭದ್ರತಾ ಭಾಗದಲ್ಲಿ ಇರುತ್ತವೆ. ಮೆಮೊರಿ ಚಿಪ್ಪನ್ನು ಮೇಜಿನ ಮೇಲೆ ಓದಿ ಬರೆಯುವ ಹಳೆಯ ತಂತ್ರ ಅಲ್ಲಿ ನಡೆಯುವುದಿಲ್ಲ, ಮುಖ್ಯ ಪ್ರೊಸೆಸರ್ ಕೂಡ ಆ ಭಾಗದಿಂದ ಲೆಕ್ಕ ಮಾಡಿಸಿಕೊಳ್ಳಬಹುದೇ ವಿನಾ ರಹಸ್ಯವನ್ನು ಓದಲಾರದು. ವಿಶ್ವಸಂಸ್ಥೆಯ ಆರ್155 ನಿಯಮ, ಅದನ್ನು ಅನುಸರಿಸುವ ದೇಶಗಳಲ್ಲಿ, ಇಂಥ ಸೈಬರ್ ಭದ್ರತೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿದೆ.

ಇದೆಲ್ಲದರ ಪರಿಣಾಮ ಘಟಕ ಬದಲಿಸುವ ದಿನ ಅನುಭವಕ್ಕೆ ಬರುತ್ತದೆ. ಹಳೆಯ ಘಟಕ ಇನ್ನೂ ಮಾತಾಡುವ ಸ್ಥಿತಿಯಲ್ಲಿದ್ದರೆ ಅದರ ಕಾನ್ಫಿಗರೇಶನ್ ಅನ್ನು ಮೊದಲೇ ಓದಿಟ್ಟುಕೊಳ್ಳಬೇಕು. ಪೂರ್ತಿ ಸತ್ತಿದ್ದರೆ ತಯಾರಕನ ದಾಖಲೆಯಿಂದಲೇ ತರಿಸಬೇಕು. ಬರೆಯುವಾಗ ಬ್ಯಾಟರಿಯ ವೋಲ್ಟೇಜ್ ಕುಸಿದರೆ ಅರ್ಧ ಬರೆದ ಘಟಕ ನಿಷ್ಪ್ರಯೋಜಕವಾಗಬಹುದು, ಆದ್ದರಿಂದ ಸ್ಥಿರ ವಿದ್ಯುತ್ ಆಸರೆ ಬೇಕೇ ಬೇಕು. ಕಾರಿನ ಎಲ್ಲ ಕೀಗಳನ್ನೂ ಅಂದು ತಂದಿರಬೇಕು, ಏಕೆಂದರೆ ಹಲವು ವ್ಯವಸ್ಥೆಗಳಲ್ಲಿ ಮರುಪರಿಚಯದ ವೇಳೆ ಹಳೆಯ ಪಟ್ಟಿ ಅಳಿಸಿಹೋಗಿ, ಹಾಜರಿಲ್ಲದ ಕೀ ಅಲ್ಲಿಂದಾಚೆ ಬಾಗಿಲು ತೆರೆಯುವ ಲೋಹವಾಗಿ ಮಾತ್ರ ಉಳಿಯುತ್ತದೆ. ವಿಐಎನ್ ಬರೆಯುವ ಹಂತದಲ್ಲಿ ಒಂದೊಂದು ಚಿಹ್ನೆಯನ್ನೂ ಎರಡು ಸಲ ಓದಿಯೇ ಮುಂದುವರಿಯಬೇಕು: ಕೆಲವು ಘಟಕಗಳು ಒಮ್ಮೆ ಕಲಿತ ಗುರುತನ್ನು ಮತ್ತೆಂದೂ ಬದಲಿಸಿಕೊಳ್ಳುವುದಿಲ್ಲ, ಮತ್ತು ತಪ್ಪು ಸಂಖ್ಯೆ ಕಲಿತ ಹೊಚ್ಚಹೊಸ ಘಟಕ ಆ ಕ್ಷಣದಿಂದ ಇಲ್ಲದ ಕಾರಿಗೆ ಸೇರಿದ್ದಾಗುತ್ತದೆ.